ನಾವು ಮೇಲಿನವರು

ಅಜ್ಜಿಯ ಅಸ್ಥಿಯನ್ನು ಪಾಲಾರಿನಲ್ಲಿ ಬಿಟ್ಟೆವು ಎಂದು ಯಾರಿಗಾದರೂ ಹೇಳುವಾಗ ನನ್ನ ನಾಲಿಗೆ ಈಗಲೂ ತಡವರಿಸುತ್ತದೆ. ಬಿಟ್ಟದ್ದು ನಿಜ, ನದಿಯೂ ಪಾಲಾರೇ. ಆದರೆ 2017ರ ಏಪ್ರಿಲ್ ತಿಂಗಳ ಆ ಬೆಳಿಗ್ಗೆ ಬೇತಮಂಗಲದ ಹೊಳೆಯಲ್ಲಿ ನೀರೆಂಬುದೇ ಇರಲಿಲ್ಲ. ಕಣ್ಣು ಹಾಯಿಸಿದಷ್ಟೂ ಜಾಲಿ, ಮರಳು ತೆಗೆದ ಗುಂಡಿಗಳು, ನಡುಹೊಳೆಯಲ್ಲಿ ಹುಡುಗರು ಹದ ಮಾಡಿಕೊಂಡಿದ್ದ ಕ್ರಿಕೆಟ್ ಅಂಕಣ. ನೆಂಟರೆಲ್ಲ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೋಗಿಬಿಡೋಣ ಎಂದರು. ಅಪ್ಪ ಒಪ್ಪಲಿಲ್ಲ. ‘ಅಮ್ಮ ಕಾವೇರಿಯ ನೀರು ಕುಡಿದವಳಲ್ಲ’ ಎಂದರು, ಅಷ್ಟೇ. ಕೊನೆಗೆ ಪಕ್ಕದ ತೋಟದವರನ್ನು ಕೇಳಿಕೊಂಡು, ಅವರ ಕೊಳವೆಬಾವಿಯಿಂದ ಪೈಪು ಎಳೆಸಿ, ಮರಳಿನಲ್ಲಿ ಮೊಳದುದ್ದ ಗುಂಡಿ ತೋಡಿ ನೀರು ತುಂಬಿಸಿದೆವು. ಸಾವಿರದ ಇನ್ನೂರು ಅಡಿ ಆಳದ ನೀರು, ಕೈಗೆ ಬೆಚ್ಚಗೆ ತಾಗುತ್ತಿತ್ತು. ಪುರೋಹಿತರು ಗಂಗೆ ಯಮುನೆಯರನ್ನೆಲ್ಲ ಆ ಗುಂಡಿಗೆ ಕರೆದರು. ಅಪ್ಪ ಮಡಕೆ ಬಗ್ಗಿಸಿದರು. ಮಂತ್ರ ಮುಗಿಯುವ ಮುನ್ನವೇ ನೀರು ಇಂಗಿಹೋಗಿ, ಅಜ್ಜಿ ಒದ್ದೆ ಮರಳಿನ ಮೇಲೆ ಬೂದಿಯಾಗಿ ಉಳಿದಳು.

‘ಯೋಚನೆ ಮಾಡಬೇಡಿ, ಹೊಳೆ ಬಂದಾಗ ತಾನಾಗಿಯೇ ಸಮುದ್ರ ಸೇರುತ್ತದೆ’ ಎಂದರು ಪುರೋಹಿತರು, ದಕ್ಷಿಣೆ ಎಣಿಸಿಕೊಳ್ಳುತ್ತಾ. ಬೇರೆ ಯಾರಿಗೆ ಹೇಳಿದ್ದರೂ ಸಮಾಧಾನವಾಗುತ್ತಿತ್ತೇನೋ. ಆದರೆ ಅಪ್ಪ 1972ರಿಂದ ಚಿನ್ನದ ಗಣಿ ಮುಚ್ಚಿದ 2001ರ ಫೆಬ್ರವರಿಯವರೆಗೆ ಅದೇ ಬೇತಮಂಗಲದ ಪಂಪ್ ಹೌಸಿನಲ್ಲಿ ಫಿಟ್ಟರ್ ಆಗಿದ್ದವರು. ಪಾಲಾರಿನ ನೀರನ್ನು ಕೆರೆಯಿಂದ ಎತ್ತಿ, ಸೋಸಿ, ಕೆಜಿಎಫ್‌ಗೆ ಕಳುಹಿಸುವುದೇ ಅವರ ಇಪ್ಪತ್ತೊಂಬತ್ತು ವರ್ಷಗಳ ಕೆಲಸ. ಈ ನೀರು ಎಲ್ಲಿಗೆ ಹೋಗುತ್ತದೆ, ಎಲ್ಲಿಗೆ ಹೋಗುವುದಿಲ್ಲ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮನೆಗೆ ಬರುವಾಗ ದಾರಿಯಲ್ಲಿ ಒಂದೇ ಮಾತು ಆಡಿದರು: ‘ನಾನು ಕೆಲಸದಲ್ಲಿದ್ದಷ್ಟು ಕಾಲ ಒಂದು ಹನಿಯೂ ಸಮುದ್ರ ಸೇರದ ಹಾಗೆ ನೋಡಿಕೊಂಡೆ.’ ತಮಾಷೆಯೋ ಏನೋ ತಿಳಿಯಲಿಲ್ಲ. ಅಪ್ಪನ ತಮಾಷೆಗೂ ದುಃಖಕ್ಕೂ ಮುಖ ಒಂದೇ.

ಮುಂದಿನ ನಾಲ್ಕು ವರ್ಷ ಆ ಮಾತು ಮನೆಯಲ್ಲಿ ಎಲ್ಲೋ ಒಂದು ಮೂಲೆಯಲ್ಲಿ ಬಿದ್ದಿತ್ತು. 2021ರ ನವೆಂಬರ್‌ನಲ್ಲಿ ಮಳೆ ಹಿಡಿಯಿತು. ನಮ್ಮ ಕಡೆಯವರಿಗೆ ಆ ಮಳೆಯ ವಿವರ ಬೇಕಾಗಿಲ್ಲ. ರಾಗಿ ತೆನೆ ಹೊಲದಲ್ಲೇ ಮೊಳಕೆಯೊಡೆದದ್ದನ್ನು, ಕಳೆದ ತಲೆಮಾರು ನೋಡದ ಕೋಡಿಗಳು ಬಿದ್ದದ್ದನ್ನು ಎಲ್ಲರೂ ನೋಡಿದ್ದಾರೆ. ಬೇತಮಂಗಲದ ಕೆರೆಯೂ ಕೋಡಿ ಹರಿಯಿತು. ಬೆಳಿಗ್ಗೆ ಆರಕ್ಕೆ ಅಪ್ಪನ ಫೋನು. ನೀರಿನ ಸದ್ದಿನಲ್ಲಿ ಅವರ ಮಾತು ಸರಿಯಾಗಿ ಕೇಳಿಸಲಿಲ್ಲ, ಎರಡನೆಯ ಸಲ ಕೂಗಿ ಹೇಳಿದರು: ‘ಅಮ್ಮ ಹೊರಟಳು ಕಣೋ.’

ನೀರಿಲ್ಲದ ಊರಿನವರ ನದಿ ಪ್ರವಾಸ

ಹೀಗೆ ಆ ಡಿಸೆಂಬರ್ ಕೊನೆಯ ವಾರದಲ್ಲಿ ನಾವು ಐವರು ಒಂದು ಕಾರಿನಲ್ಲಿ ಪಾಲಾರಿನ ಜೊತೆಗೆ ಹೊರಟೆವು. ಅಪ್ಪನ ಉದ್ದೇಶ ಸರಳ: ಅಜ್ಜಿ ತಲುಪಿದಳೋ ಇಲ್ಲವೋ ನೋಡಬೇಕು. ಉಳಿದವರಿಗೆ ಇದನ್ನು ಪ್ರವಾಸ ಎಂದು ಒಪ್ಪಿಸುವ ಕೆಲಸ ನನ್ನ ತಲೆಗೆ ಬಂತು. ನದಿ ಪ್ರವಾಸ ಎಂದರೆ ಜಲಪಾತವಾದರೂ ಇರಬೇಕು ಎಂದು ಹೆಂಡತಿಯ ಷರತ್ತು. ಸಮುದ್ರದಲ್ಲಿ ಆಡಲು ಪೂರ್ತಿ ಒಂದು ದಿನ ಬೇಕೆಂದು ಹನ್ನೆರಡು ವರ್ಷದ ಮಗಳದು. ಅಮ್ಮನಿಗೆ ಹೊತ್ತು ಹೊತ್ತಿಗೆ ಊಟ ಸಿಕ್ಕರೆ ಸಾಕು. ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವವನು, ದಾರಿಯಲ್ಲಿ ಕೋಟೆಗಳಿವೆ ಎಂದು ಗೊತ್ತಿತ್ತು; ಅವನ್ನು ಯಾರನ್ನೂ ಕೇಳದೆ ಸೇರಿಸಿಬಿಟ್ಟೆ.

ನಂದಿ ಬೆಟ್ಟ ಐದು ನದಿಗಳ ತವರು ಎಂದು ಹದಿನಾರು ವರ್ಷಗಳಿಂದ ಪಾಠ ಹೇಳಿದ್ದೇನೆ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಅರ್ಕಾವತಿ, ಪಾಲಾರ್. ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ, ಎರಡು ಅಂಕ ಪಡೆಯುತ್ತಾರೆ. ತವರು ಎಂಬ ಮಾತನ್ನು ನಾನು ಒಮ್ಮೆಯೂ ನಿಂತು ಯೋಚಿಸಿರಲಿಲ್ಲ. ಐದು ಹೆಣ್ಣುಮಕ್ಕಳನ್ನು ಹೆತ್ತು, ಒಬ್ಬಳನ್ನೂ ಹೊಸಿಲು ದಾಟಲು ಬಿಡದ ತವರು ಇದು. ಪಾಲಾರಿನ ಉದ್ದ 348 ಕಿಲೋಮೀಟರ್. ಕರ್ನಾಟಕದಲ್ಲಿ 93, ಆಂಧ್ರದಲ್ಲಿ 33, ತಮಿಳುನಾಡಿನಲ್ಲಿ 222. ನಮ್ಮ 93ರಲ್ಲಿ ಅದು ನದಿಯೆನ್ನುವುದಕ್ಕಿಂತ ಕೆರೆಗಳ ಸರ. ಒಂದರ ಕೋಡಿ ಇನ್ನೊಂದಕ್ಕೆ, ಅದರ ಕೋಡಿ ಮತ್ತೊಂದಕ್ಕೆ. ನಡುವಿನ ಗೇಣು ಗೇಣು ಹಳ್ಳಕ್ಕೆ ಪಾಲಾರ್ ಎಂದು ಹೆಸರು. ಬೇತಮಂಗಲ ಅದರಲ್ಲಿ ದೊಡ್ಡ ಮಣಿ. ಊರಿನ ಹಳೆಯ ಹೆಸರು ವಿಜಯಾದಿತ್ಯಮಂಗಲ. ಒಡೆದಿದ್ದ ಕೆರೆಯನ್ನು ಹತ್ತನೆಯ ಶತಮಾನದಲ್ಲಿ, ನೊಳಂಬರ ಕಾಲದಲ್ಲಿ, ಮತ್ತೆ ಕಟ್ಟಿಸಿದ್ದಕ್ಕೆ ಶಾಸನವಿದೆ. ಅಂದರೆ ಈ ನೀರನ್ನು ಹಿಡಿದು ನಿಲ್ಲಿಸುವ ಕೆಲಸ ಸಾವಿರ ವರ್ಷಗಳಿಂದ ಸರಾಗವಾಗಿ ನಡೆದಿದೆ. ಅಪ್ಪ ಅದರ ಕೊನೆಯ ಪಾಳಿಯವರು.

ಏರಿಯ ಮೇಲೆ ಕಾರು ನಿಲ್ಲಿಸಿದಾಗ ಕೋಡಿಯಲ್ಲಿ ಇನ್ನೂ ತೆಳ್ಳಗೆ ನೀರು ಹೋಗುತ್ತಿತ್ತು. ತುಂಬಿದ ಕೆರೆಗೆ ಒಂದು ಹಗುರ ವಾಸನೆ. ಅದರ ಕಾರಣವನ್ನು ಕೋಲಾರದವರು ಬಾಯಿಬಿಟ್ಟು ಹೇಳುವುದಿಲ್ಲ, ನಾನೂ ಪಿಸುಗುಟ್ಟುತ್ತೇನೆ. 2018ರ ಜೂನ್‌ನಿಂದ ಬೆಂಗಳೂರಿನ ಬಳಸಿದ ನೀರನ್ನು ಸಂಸ್ಕರಿಸಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ. ಮೊದಲು ತುಂಬಿದ್ದು ಲಕ್ಷ್ಮೀಸಾಗರದ ಕೆರೆ, ಗುರಿ 126 ಕೆರೆಗಳು. ಎರಡು ಹಂತದ ಸಂಸ್ಕರಣೆ ಸಾಲದು, ಮೂರನೆಯದೂ ಆಗಬೇಕು ಎಂದು ಹೋರಾಟ ಮಾಡಿದವರಿದ್ದಾರೆ. ನೀರು ಕಂಡರೆ ಸಾಕು ಎಂದು ಕೈ ಮುಗಿದವರೂ ಇದ್ದಾರೆ. ಅರ್ಧ ತುಂಬಿ ಕುಳಿತಿದ್ದ ಕೆರೆಗಳ ಮೇಲೆ ಆ ನವೆಂಬರ್‌ನ ಮಳೆ ಬಿದ್ದದ್ದರಿಂದಲೇ ಎಷ್ಟೋ ಕೋಡಿಗಳು ಅಷ್ಟು ಬೇಗ ಹರಿದವು ಎಂಬುದು ಅಪ್ಪನ ಲೆಕ್ಕ. ‘ಹಾಗಾದರೆ ಅಜ್ಜಿಯನ್ನು ಕಳುಹಿಸಿಕೊಟ್ಟದ್ದು ಬೆಂಗಳೂರಿನ ಬಚ್ಚಲು’ ಎಂದೆ. ಅಮ್ಮ ನನ್ನ ತೊಡೆ ಚಿವುಟಿದಳು.

ಕೈಗಲ್‌ನ ಜಲಪಾತದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ವಿ. ಕೋಟ ದಾಟಿ, ಪಲಮನೇರು–ಕುಪ್ಪಂ ರಸ್ತೆಯಲ್ಲಿ, ಕೌಂಡಿನ್ಯ ಅಭಯಾರಣ್ಯದ ಅಂಚಿನಲ್ಲಿದೆ. ಬಂಡೆಯ ಮೇಲಿಂದ ಬೀಳುವ ನಾಲ್ಕಾರು ಆಳೆತ್ತರದ ನೀರು, ಕೆಳಗೆ ಮಡು, ಮಡುವಿನ ಸುತ್ತ ಚಿಪ್ಸ್ ಪೊಟ್ಟಣ. ಹೆಂಡತಿ ಸಂತೋಷಪಟ್ಟಳು, ಫೋಟೋ ತೆಗೆದುಕೊಂಡೆವು. ಈ ಕಾಡಿನಲ್ಲಿ ಎರಡು ಶತಮಾನ ಆನೆಗಳೇ ಇರಲಿಲ್ಲವಂತೆ. 1980ರ ದಶಕದಲ್ಲಿ ಎಲ್ಲಿಂದಲೋ ನಡೆದು ಬಂದು ನೆಲೆಯಾದವು. ಕಾಡಿನೊಳಗಿನ ಕೌಂಡಿನ್ಯ ನದಿ ಗುಡಿಯಾತ್ತಂ ಕಡೆಗೆ ಇಳಿದು ಪಾಲಾರಿಗೆ ಸೇರುತ್ತದೆ. ಅಪ್ಪ ಜಲಪಾತಕ್ಕೆ ಬೆನ್ನು ಹಾಕಿ ಕುಳಿತಿದ್ದರು. ಬೀಳುವ ನೀರಿನಲ್ಲಿ ಅವರಿಗೆ ಆಸಕ್ತಿಯಿಲ್ಲ. ಅವರು ಏರುವ ನೀರಿನ ಮನುಷ್ಯ.

ವಾಣಿಯಂಬಾಡಿಯ ಕಂಬ

ಕುಪ್ಪಂ ಕಡೆಯಿಂದ ತಮಿಳುನಾಡಿಗೆ ಇಳಿಯುವಲ್ಲಿ ಪುಲ್ಲೂರು ಎಂಬ ಊರಿದೆ. ಪಾಲಾರ್ ಗಡಿ ದಾಟುವ ಜಾಗ. ಅಲ್ಲಿ ಹೊಳೆಗೆ ಅಡ್ಡಲಾಗಿ ಆಂಧ್ರದವರ ತಡೆ ಅಣೆ. 5 ಅಡಿ ಇದ್ದದ್ದನ್ನು 2016ರಲ್ಲಿ 12 ಅಡಿಗೆ ಎತ್ತರಿಸಿದಾಗ ತಮಿಳುನಾಡಿನಲ್ಲಿ ದೊಡ್ಡ ಗಲಾಟೆಯಾಗಿತ್ತು. ಪಕ್ಕದಲ್ಲೇ ಅಮ್ಮನವರ ಗುಡಿ. ನಾವು ಹೋದಾಗ ಅಣೆಯ ಮೇಲೆ ನೀರು ಒಂದು ಹಾಳೆಯ ಹಾಗೆ ಜಾರುತ್ತಿತ್ತು, ಹುಡುಗರು ಅದರಡಿಯಲ್ಲಿ ತಲೆಯೊಡ್ಡಿ ಕುಳಿತಿದ್ದರು. ನಾನು ಮಗಳಿಗೆ ‘ನೋಡು, ಈ ಆಂಧ್ರದವರು ಹೇಗೆ ನೀರು ನಿಲ್ಲಿಸಿಕೊಂಡಿದ್ದಾರೆ’ ಎಂದು ಪಾಠ ಶುರು ಮಾಡಿದೆ. ಅನ್ಯಾಯ ಕಂಡಾಗ ನನ್ನ ಧ್ವನಿ ತರಗತಿಯ ಧ್ವನಿಯಾಗುತ್ತದೆ ಎಂದು ಹೆಂಡತಿಯ ದೂರು. ಅರ್ಧ ಗಂಟೆಯೊಳಗೆ ಆ ಧ್ವನಿ ಅಡಗಿತು.

ವಾಣಿಯಂಬಾಡಿಯಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಅಂಗಡಿಯವರು ಅರವತ್ತರ ಆಸುಪಾಸು, ಕುರುಚಲು ಬಿಳಿ ಗಡ್ಡ, ಗಿರಾಕಿಗಳೊಂದಿಗೆ ಉರ್ದು, ಹುಡುಗನೊಂದಿಗೆ ತಮಿಳು. ಅಪ್ಪನದು ಕೆಜಿಎಫ್‌ನ ತಮಿಳು, ಎಲ್ಲೆಲ್ಲೂ ಸಲೀಸು. ಎಲ್ಲಿಂದ ಬಂದಿರಿ ಎಂದು ಅವರು ಕೇಳಿದರು. ಕೋಲಾರ ಎಂದೆ ನಾನು. ಕೋಲಾರದಲ್ಲಿ ಎಲ್ಲಿ? ಬೇತಮಂಗಲ ಎಂದರು ಅಪ್ಪ. ಅಂಗಡಿಯವರು ಸೋಸುತ್ತಿದ್ದ ಚಹಾವನ್ನು ಹಾಗೇ ನಿಲ್ಲಿಸಿ ನಮ್ಮತ್ತ ತಿರುಗಿದರು.

‘ಹಾಗಾದರೆ ನೀವು ಮೇಲಿನವರು.’

ಬೈಗುಳವಲ್ಲ, ಮುಖದಲ್ಲಿ ನಗುವೇ ಇತ್ತು. ಆದರೂ ನನಗೆ ಒಂದು ಕ್ಷಣ ಯಾವುದೋ ಕಟಕಟೆಯಲ್ಲಿ ನಿಂತ ಹಾಗಾಯಿತು. ನಾವು? ಮೇಲಿನವರು? ಕೋಲಾರದವನಿಗೆ ಅಭ್ಯಾಸವಾದ ಪಾತ್ರ ಬೇರೆ. ನಾವು ಬಾಯಾರಿದವರು. ಟ್ಯಾಂಕರಿಗೆ ಬಿಂದಿಗೆ ಸಾಲು ಇಟ್ಟವರು, ಫ್ಲೋರೈಡಿನಿಂದ ಹಲ್ಲು ಕಂದಿದವರು, ಶಾಶ್ವತ ನೀರಾವರಿಗಾಗಿ ಟ್ರ್ಯಾಕ್ಟರಿನಲ್ಲಿ ಬೆಂಗಳೂರಿಗೆ ಹೋಗಿ ಪೊಲೀಸರ ಕೈಯಲ್ಲಿ ಪೆಟ್ಟು ತಿಂದವರು. ನೀರಿನ ಯಾವ ಜಗಳದಲ್ಲೂ ನಾವು ಕೆಳಗಿನವರೇ, ಕೇಳುವವರೇ. ನಮ್ಮಿಂದ ಕೇಳುವವರೂ ಒಬ್ಬರು ಎಲ್ಲೋ ಇರಬಹುದು ಎಂಬುದು ಈ ನಲವತ್ತನಾಲ್ಕು ವರ್ಷಗಳಲ್ಲಿ ನನಗೆ ಹೊಳೆದಿರಲಿಲ್ಲ. ಪುಲ್ಲೂರಿನ ಅಣೆಯ ಮುಂದೆ ನಾನು ಮಾಡಿದ ಭಾಷಣವನ್ನು ಇವರು ಬೇತಮಂಗಲದ ಏರಿಯ ಮೇಲೆ ನಿಂತು ತಮ್ಮ ಮಕ್ಕಳಿಗೆ ಮಾಡಬಹುದು. ಅಕ್ಷರವೂ ಬದಲಿಸಬೇಕಾಗಿಲ್ಲ.

ನಾನು ಏನಾದರೂ ಸಮರ್ಥನೆ ಹುಡುಕುತ್ತಿದ್ದೆ. ಅಪ್ಪ ಹುಡುಕಲಿಲ್ಲ. ‘ಹೌದು. ಪಂಪ್ ಹೌಸಿನಲ್ಲಿ ನಾನೇ ಇದ್ದೆ’ ಎಂದರು. ಅಂಗಡಿಯವರಿಗೆ ಇದು ನಿರೀಕ್ಷೆಯಿರಲಿಲ್ಲ. ಸ್ಟೂಲು ಎಳೆದುಕೊಂಡು ಎದುರಿಗೇ ಕುಳಿತರು. ಎಷ್ಟು ಎತ್ತುತ್ತಿದ್ದಿರಿ, ಎಷ್ಟು ಹೊತ್ತು, ಬೇಸಿಗೆಯಲ್ಲಿ ಏನು ಮಾಡುತ್ತಿದ್ದಿರಿ ಎಂದು ಒಂದೊಂದಾಗಿ ಕೇಳಿದರು. ಅಪ್ಪ ಕೈಯಲ್ಲಿ ಮೋಟಾರಿನ ಆಕಾರ ಮಾಡಿ ತೋರಿಸುತ್ತಾ ಹೇಳಿದರು. ಇಬ್ಬರು ಮುದುಕರು ಒಂದು ನದಿಯ ಬಗ್ಗೆ, ಜಮೀನಿನ ಹಳೆಯ ವ್ಯಾಜ್ಯದ ಎರಡು ಕಡೆಯವರು ಕೋರ್ಟಿನ ಹೊರಗೆ ಮರದ ಕೆಳಗೆ ಕುಳಿತು ಮಾತನಾಡುವ ಹಾಗೆ, ಮುಕ್ಕಾಲು ಗಂಟೆ ಮಾತನಾಡಿದರು. ಮಗಳು ಮೂರು ಬಿಸ್ಕತ್ತು ಮುಗಿಸಿದಳು.

ಆಮೇಲೆ ಅವರೇ ಹುಡುಗನಿಗೆ ಅಂಗಡಿ ಒಪ್ಪಿಸಿ ನಮ್ಮನ್ನು ಕರೆದುಕೊಂಡು ಹೋಗಿ ಒಂದು ಕಂಬ ತೋರಿಸಿದರು. 1903ರ ನವೆಂಬರ್ 12ರ ಪ್ರವಾಹದಲ್ಲಿ ಸತ್ತವರ ನೆನಪಿನ ಕಂಬ. ಮೈಸೂರು ಸೀಮೆಯ ಕೆರೆಗಳು ಒಂದರ ಹಿಂದೊಂದು ಒಡೆದು, ಪಾಲಾರ್ ಊರಿನೊಳಗೆ ನುಗ್ಗಿ, ಸುಮಾರು 200 ಜನರನ್ನು ಕೊಂಡೊಯ್ದಿತು. ಕೆರೆಗಳ ಸರ ಎಂದೆನಲ್ಲ, ದಾರ ಕಡಿದರೆ ಮಣಿಗಳೆಲ್ಲ ಉರುಳುವುದು ಇವರ ಮೇಲೆ. ಅವರ ಅಜ್ಜಿ ಹೇಳುತ್ತಿದ್ದಳಂತೆ: ‘ಮೇಲಿನವರು ನೀರು ಕೊಡುವುದಿಲ್ಲ. ಕೊಟ್ಟರೆ ಒಂದೇ ರಾತ್ರಿಯಲ್ಲಿ ಕೊಟ್ಟುಬಿಡುತ್ತಾರೆ.’ ನಮ್ಮ ಜಿಲ್ಲೆಯ ಚರಿತ್ರೆಯನ್ನು ಇಷ್ಟು ಚಿಕ್ಕದಾಗಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಈ ಸಲದ ನವೆಂಬರ್‌ನಲ್ಲಿಯೂ ಕೆಳಗೆ ವೇಲೂರಿನ ಕಡೆ ಪಾಲಾರಿನಲ್ಲಿ ಒಂದು ಲಕ್ಷ ಕ್ಯೂಸೆಕ್‌ಗೂ ಮೀರಿ ನೀರು ಬಂದಿತ್ತು. ಎಲ್ಲರೂ ನೆನೆಸಿಕೊಂಡದ್ದು 1903ನ್ನೇ. ಅಪ್ಪ ಕಂಬವನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ನಾವು ‘ಅಮ್ಮ ಹೊರಟಳು’ ಎಂದು ಸಂಭ್ರಮಿಸಿದ ಬೆಳಿಗ್ಗೆ ಇವರು ಮನೆಯ ಸಾಮಾನನ್ನು ಅಟ್ಟಕ್ಕೆ ಏರಿಸುತ್ತಿದ್ದರು.

ಬಿಡುವಾಗ ಚಹಾದ ಹಣ ತೆಗೆದುಕೊಳ್ಳಲಿಲ್ಲ. ಅಪ್ಪನ ಫೋನ್ ನಂಬರ್ ತೆಗೆದುಕೊಂಡರು.

(ಊರಿಗೆ ಬಂದ ಮೇಲೆ 1892ರ ಮದ್ರಾಸ್–ಮೈಸೂರು ಒಪ್ಪಂದವನ್ನು ತೆಗೆದು ನೋಡಿದೆ. ಕಾವೇರಿಯ ಕಾರಣಕ್ಕೆ ನಾವು ಬಾಯಿಗೆ ಬಂದಂತೆ ಬೈಯುವ ಅದೇ ಒಪ್ಪಂದ. ಮದ್ರಾಸಿನ ಒಪ್ಪಿಗೆಯಿಲ್ಲದೆ ಮೈಸೂರು ಹೊಸ ಜಲಾಶಯ ಕಟ್ಟಬಾರದೆಂದು ಹೇಳುವ 15 ಮುಖ್ಯ ನದಿಗಳ ಪಟ್ಟಿಯಲ್ಲಿ ಪಾಲಾರ್ ಕೂಡ ಇದೆ. ತರಗತಿಯಲ್ಲಿ ಅದನ್ನು ಅನ್ಯಾಯ ಎಂದು ಕಲಿಸಿದ್ದೇನೆ, ಈಗಲೂ ಬಹುಮಟ್ಟಿಗೆ ಹಾಗೇ ಅನ್ನಿಸುತ್ತದೆ. ಬಹುಮಟ್ಟಿಗೆ ಎಂಬ ಪದ ಮಾತ್ರ ಹೊಸದು. ಹೊಸ ಜಲಾಶಯ ಬೇಕಾಗಲೂ ಇಲ್ಲವಲ್ಲ: ನೀಲಗಿರಿ ತೋಪು, ಮುಚ್ಚಿದ ರಾಜಕಾಲುವೆ, ಸಾವಿರ ಅಡಿಯ ಕೊಳವೆಬಾವಿ, ಲಾರಿಗಟ್ಟಲೆ ಮರಳು. ಯಾವ ಒಪ್ಪಂದದ ಕಣ್ಣಿಗೂ ಬೀಳದೆ ನಾವು ಹೊಳೆಯನ್ನು ಮುಗಿಸಿದೆವು.)

ಕೋಟೆಯೊಳಗಿನ ನಮ್ಮವರು

ಅಂಬೂರಿನಲ್ಲಿ ಬಿರಿಯಾನಿ ಆಯಿತು. ಬದನೆಕಾಯಿ ಗೊಜ್ಜು ಚೆನ್ನಾಗಿತ್ತು. ಊರಿನ ಗಾಳಿಯಲ್ಲಿ ಚರ್ಮ ಹದ ಮಾಡುವ ವಾಸನೆ. ವಾಣಿಯಂಬಾಡಿಯಿಂದ ರಾಣಿಪೇಟೆಯವರೆಗೆ ಚರ್ಮ ಹದ ಮಾಡುವ ಕಾರ್ಖಾನೆಗಳು ಪಾಲಾರಿಗೆ ಬಿಟ್ಟದ್ದರ ಮೇಲೆಯೇ ಸುಪ್ರೀಂ ಕೋರ್ಟಿನ 1996ರ ಪ್ರಸಿದ್ಧ ತೀರ್ಪು ಬಂದದ್ದು. ಕೆಡಿಸಿದವನೇ ದಂಡ ತೆರಬೇಕು ಎಂಬ ತತ್ವ ಈ ದೇಶದ ಕಾನೂನಿನಲ್ಲಿ ಗಟ್ಟಿಯಾದದ್ದು ಈ ಹೊಳೆಯ ಹೆಸರಿನಲ್ಲಿ. ಮೇಲಿನವರು ನೀರು ಕೊಡಲಿಲ್ಲ ಎಂಬುದು ಸರಿ, ಬಂದಷ್ಟಕ್ಕೆ ಇವರು ಏನು ಮಾಡಿದರು ಎಂದು ಕೇಳಬಹುದಿತ್ತು. ಆ ಹೊತ್ತಿಗೆ ವಾದ ಮಾಡುವ ಉತ್ಸಾಹ ನನಗೆ ಉಳಿದಿರಲಿಲ್ಲ.

ವೇಲೂರಿನ ಕೋಟೆ ಬ್ರಿಟಿಷರು ಕಟ್ಟಿದ್ದಲ್ಲ, ವಿಜಯನಗರದ ಕಾಲದ್ದು. ಆದರೆ ಅದನ್ನು ಅವರು ಬಳಸಿದ ರೀತಿಯಿಂದ ಅವರದೇ ಆಯಿತು: ಸೋತವರನ್ನು ಇಡುವ ಉಗ್ರಾಣ. ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಮಕ್ಕಳನ್ನೂ ಮನೆಯ ಹೆಂಗಸರನ್ನೂ ಇಲ್ಲಿಗೆ ತಂದರು. 1806ರ ಜುಲೈ 10ರ ನಸುಕಿನಲ್ಲಿ, ಹೊಸ ಟೋಪಿ ಹಾಕಿ, ನಾಮ ಗಡ್ಡ ತೆಗೆಯಿರಿ ಎಂಬ ಆಜ್ಞೆಯಿಂದ ಕುದಿಯುತ್ತಿದ್ದ ಸಿಪಾಯಿಗಳು ದಂಗೆ ಎದ್ದು ಮೈಸೂರಿನ ಬಾವುಟ ಏರಿಸಿದರು. ಆರ್ಕಾಟಿನಿಂದ ಗಿಲೆಸ್ಪಿಯ ಕುದುರೆ ದಂಡು ಬಂದು ಅಂದೇ ಎಲ್ಲವನ್ನೂ ಮುಗಿಸಿತು, ನೂರಾರು ಹೆಣ ಬಿದ್ದವು. 1857ಕ್ಕೆ ಅರ್ಧ ಶತಮಾನ ಮೊದಲು. ರಾಜಕುಮಾರರನ್ನು ಆಮೇಲೆ ಕಲ್ಕತ್ತೆಗೆ ಸಾಗಿಸಿದರು. ಇದಿಷ್ಟು ಪುಸ್ತಕದಲ್ಲಿ ಇದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಹೈದರ್ ಅಲಿಯ ಪತ್ನಿ ಬಕ್ಷಿ ಬೇಗಂ ಅದೇ 1806ರಲ್ಲಿ ಇಲ್ಲಿ ತೀರಿಕೊಂಡಳು, ಗೋರಿ ಈ ಊರಿನಲ್ಲೇ ಇದೆ. ಹೈದರ್ ಹುಟ್ಟಿದ್ದು ನಮ್ಮ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ. ಅವನ ತಂದೆಯ ಗೋರಿ ಕೋಲಾರದಲ್ಲಿ, ನಾನು ದಿನಾ ಶಾಲೆಗೆ ಹೋಗುವ ದಾರಿಯಿಂದ ದೂರವಿಲ್ಲ. ಅಂದರೆ ಮಾವನ ಗೋರಿ ಪಾಲಾರಿನ ತಲೆಯ ಕಡೆ, ಸೊಸೆಯದು ನಡುವಿನಲ್ಲಿ. ಹೈದರ್ ಪ್ರಾಣ ಬಿಟ್ಟದ್ದೂ ಈ ಸೀಮೆಯಲ್ಲೇ, 1782ರ ಡಿಸೆಂಬರ್ 7ರಂದು, ಚಿತ್ತೂರಿನ ಬಳಿಯ ಪಾಳೆಯದಲ್ಲಿ. ಮನುಷ್ಯರು ಮಾತ್ರ ಈ ಹೊಳೆಯ ಗುಂಟ ಸಲೀಸಾಗಿ ಇಳಿದು ಬಂದಿದ್ದಾರೆ. ಕೆಲವರು ಸಮುದ್ರದ ಕಡೆಯಿಂದ ಮೇಲಕ್ಕೂ ಬಂದರು: ಶ್ರೀಲಂಕಾದ ಕಡೆಯ ಅರಸ, ಕ್ಯಾಂಡಿಯ ಶ್ರೀ ವಿಕ್ರಮ ರಾಜಸಿಂಹ ಈ ಕೋಟೆಯಲ್ಲಿ ಸೆರೆಯಿದ್ದು 1832ರಲ್ಲಿ ಸತ್ತ. ಅವನ ಸಮಾಧಿ, ಮುತ್ತು ಮಂಟಪ, ಪಾಲಾರಿನ ದಡದಲ್ಲೇ ಇದೆ.

ಕೋಟೆಯ ಒಳಗೆ ಜಲಕಂಠೇಶ್ವರನ ಗುಡಿ. ಅಪ್ಪ ಅರ್ಚಕರ ಹತ್ತಿರ ಕೇಳಿ ತಿಳಿದುಕೊಂಡ ವಿಷಯ ಒಂದೇ: ಆ ನವೆಂಬರ್‌ನಲ್ಲಿ ಕಂದಕದ ನೀರು ಉಕ್ಕಿ ಗುಡಿಯೊಳಗೆ ಎಲ್ಲಿಯವರೆಗೆ ನಿಂತಿತ್ತು ಎಂದು. ಗೋಡೆಯಲ್ಲಿದ್ದ ಗೆರೆಯನ್ನು ತಮ್ಮ ತೊಡೆಗೆ ಅಳೆದು ನೋಡಿಕೊಂಡರು. ಅಮ್ಮ ದೇವರಿಗೆ ಕೈ ಮುಗಿದಳು, ಅಪ್ಪ ಗೆರೆಗೆ.

ಮರಳಿನ ಕೆಳಗೆ

ಆರ್ಕಾಟಿನಲ್ಲಿ ಹೊಳೆಯ ದಂಡೆಯ ಮೇಲೆ ಒಂಟಿಯಾಗಿ ನಿಂತಿರುವ ದಿಲ್ಲಿ ದರ್ವಾಜೆಯನ್ನೂ ಅದರ ಹೊರಗೆ ಮಾರುವ ಮಕ್ಕನ್ ಪೇಡವನ್ನೂ ಮುಗಿಸಿ ಮುಂದೆ ಹೋದೆವು. 1751ರಲ್ಲಿ ರಾಬರ್ಟ್ ಕ್ಲೈವ್ ಹೆಸರು ಮಾಡಿದ ಕೋಟೆ, ಈಗ ಉಳಿದಿರುವುದು ಬಾಗಿಲು. ಪಾಲಾರ್ ಅಲ್ಲಿ ಎಷ್ಟು ಅಗಲ ಎಂದರೆ, ಸೇತುವೆಯ ಮೇಲೆ ಕಾರು ಹೋಗುತ್ತಲೇ ಇರುತ್ತದೆ. ಮಗಳು ‘ಇದು ನಮ್ಮ ಪಾಲಾರೇನಾ?’ ಎಂದು ಎರಡು ಸಲ ಕೇಳಿದಳು. ನೀರು ಆ ಅಗಲದಲ್ಲಿ ಮೂರು ನಾಲ್ಕು ಬೆಳ್ಳಿ ಗೆರೆ ಮಾತ್ರ, ಉಳಿದದ್ದೆಲ್ಲ ಮರಳು. ಆದರೆ ಅಪ್ಪ ಖುಷಿಯಾಗಿದ್ದರು. ಇಷ್ಟು ಮರಳು ಇದೆ ಎಂದರೆ ಕೆಳಗೆ ನೀರಿದೆ ಎಂದರು. ‘ಹೊಳೆ ಹೊದ್ದು ಮಲಗಿದೆ, ಸತ್ತಿಲ್ಲ.’ ಚೆಂಗಲ್ಪಟ್ಟಿನವರೆಗೆ ಪ್ರತಿ ಸೇತುವೆಯಲ್ಲೂ ಕಾರು ನಿಲ್ಲಿಸಿಸಿ, ಮರಳಿನ ನಡುವೆ ದುಂಡಗೆ ಎದ್ದು ನಿಂತ ಕುಡಿಯುವ ನೀರಿನ ಬಾವಿಗಳನ್ನೂ ಅವುಗಳಿಂದ ಹೊರಟ ಪೈಪುಗಳನ್ನೂ ಎಣಿಸಿದರು. ಕಡಲ ಬದಿಯಲ್ಲಿ, ಕಲ್ಪಾಕ್ಕಂನ ಅಣುಶಕ್ತಿ ಕೇಂದ್ರದವರಿಗೂ ಸಿಹಿನೀರು ಬರುವುದು ಇದೇ ಪಾಲಾರಿನ ಮರಳಿನಡಿಯಿಂದ. ತಲೆಯಲ್ಲಿ ಚಿನ್ನದ ಗಣಿ, ಬುಡದಲ್ಲಿ ಅಣು ವಿದ್ಯುತ್ತು. ಪಾಲಾರ್, ಅಂದರೆ ಹಾಲಿನ ಹೊಳೆ, ಎಂದು ಹೆಸರಿಟ್ಟವರು ಹಾಲು ಕರೆಯುವವರ ಸಂಖ್ಯೆಯನ್ನು ಊಹಿಸಿರಲಿಕ್ಕಿಲ್ಲ.

ಕಲ್ಪಾಕ್ಕಂ ಪಕ್ಕದ ಸದ್ರಾಸ್‌ನಲ್ಲಿ ಡಚ್ಚರ ಕೋಟೆ ಇದೆ; ತಮಿಳಿನಲ್ಲಿ ಸದುರಂಗಪಟ್ಟಿಣಂ. ಇಟ್ಟಿಗೆ ಗೋಡೆ, ಬಾಗಿಲಲ್ಲಿ ಎರಡು ಫಿರಂಗಿ, ಒಳಗೆ ಉದ್ದನೆಯ ದಾಸ್ತಾನು ಕೋಣೆಗಳು, ಬೀಗ ಹಾಕಿದ ಸ್ಮಶಾನ. ಹದಿನೇಳನೆಯ ಶತಮಾನದಲ್ಲಿ ಮಸ್ಲಿನ್ ಬಟ್ಟೆಯ ವ್ಯಾಪಾರಕ್ಕೆ ಬಂದವರು, ಇಲ್ಲಿಯೇ ಕಾಯಿಲೆ ಬಿದ್ದು ಸತ್ತವರು. ಕಾವಲಿನವರು ಬೀಗ ತೆಗೆದರು. ಗೋರಿಕಲ್ಲುಗಳ ಮೇಲೆ ಎಷ್ಟು ನಾಜೂಕಾದ ಕೆತ್ತನೆ! ಓದಲು ಬಾರದ ಭಾಷೆಯಲ್ಲಿ ಹೆಸರುಗಳು. ನಾನು ಮಗಳಿಗೆ, ಈ ಕಡಲಿನಲ್ಲೇ 1782ರ ಫೆಬ್ರವರಿ 17ರಂದು ಹೈದರನ ಗೆಳೆಯರಾದ ಫ್ರೆಂಚರ ಹಡಗುಗಳಿಗೂ ಇಂಗ್ಲಿಷರ ಹಡಗುಗಳಿಗೂ ಕಾಳಗವಾಯಿತು, ಬೂದಿಕೋಟೆಯವನ ಕೈ ಇಲ್ಲಿಯವರೆಗೆ ಚಾಚಿತ್ತು ಎಂದು ವಿವರಿಸುತ್ತಿದ್ದೆ. ಅವಳು ಗೋರಿಯೊಂದರ ಬಳಿ ನಿಂತು ಕೇಳಿದಳು: ‘ಇವರ ಮನೆಯವರು ಯಾರಾದರೂ ಬಂದು ನೋಡಿದ್ದಾರಾ?’ ಹಡಗಿನಲ್ಲಿ ಸುದ್ದಿ ಹೋಗುವುದಕ್ಕೇ ತಿಂಗಳುಗಟ್ಟಲೆ ಬೇಕಿತ್ತು ಎಂದೆ. ‘ನಾವು ನಾಲ್ಕು ವರ್ಷ ತೆಗೆದುಕೊಂಡೆವು’ ಎಂದರು ಅಪ್ಪ ಹಿಂದಿನಿಂದ.

ಅಳಿವೆ

ಪಾಲಾರ್ ಕಡಲು ಸೇರುವುದು ವಾಯಲೂರಿನ ಬಳಿ, ಚೆನ್ನೈಯಿಂದ ದಕ್ಷಿಣಕ್ಕೆ ಸುಮಾರು 75 ಕಿಲೋಮೀಟರ್. ಅಲ್ಲಿಯೂ ಒಂದು ತಡೆ ಅಣೆ ಕಟ್ಟಿದ್ದಾರೆ, ಉಪ್ಪುನೀರು ಒಳಗೆ ಬಾರದಿರಲಿ, ಸಿಹಿನೀರು ಹೊರಗೆ ಹೋಗದಿರಲಿ ಎಂದು. ಕಡೆಯ ಹೆಜ್ಜೆಯಲ್ಲೂ ಒಂದು ಗೋಡೆ. ನನಗೆ ನಗು ಬಂತು. ಅಪ್ಪ ಗಂಭೀರವಾಗಿ ಅದರ ಕಟ್ಟಡವನ್ನು ಪರೀಕ್ಷಿಸಿ ‘ಒಳ್ಳೆಯ ಕೆಲಸ’ ಎಂದು ಒಪ್ಪಿಗೆ ಕೊಟ್ಟರು. ಅಣೆಯ ಮೇಲಿಂದ ನೀರು ಹರಿಯುತ್ತಿತ್ತು. ಪೂರ್ವ ಕರಾವಳಿ ರಸ್ತೆಯ ಸೇತುವೆಯ ಮೇಲೆ ನಿಂತರೆ ಆಚೆಗೆ ಅಗಲವಾದ ಕಂದು ನೀರು, ಅದರಾಚೆ ಮರಳದಿಬ್ಬ, ದಿಬ್ಬದ ಒಂದು ಕಡೆ ಬಾಯಿ ತೆರೆದು ಬಿಳಿ ನೊರೆ.

‘ಸೇರಿದರಾ ಅತ್ತೆ?’ ಎಂದು ಕೇಳಿದವಳು ಅಮ್ಮ.

ಅಪ್ಪ ತಕ್ಷಣ ಉತ್ತರಿಸಲಿಲ್ಲ. ಇದು ಹೊಳೆಯ ನೀರೋ, ಸಮುದ್ರವೇ ಒಳಗೆ ಬಂದು ನಿಂತದ್ದೋ ಹೇಗೆ ಹೇಳುವುದು ಎಂದರು. ಪಂಚೆ ಎತ್ತಿ ಕಟ್ಟಿ ಕೆಳಗಿಳಿದರು. ಅಂಬೂರು, ರಾಣಿಪೇಟೆಗಳ ನೀರು ಅದು, ಬಾಯಿಗೆ ಹಾಕಬೇಡಿ ಎಂದು ನನ್ನ ಹೆಂಡತಿ ಮೇಲಿನಿಂದ ಕೂಗುತ್ತಲೇ ಇದ್ದಳು. ಎಪ್ಪತ್ತು ವರ್ಷದ ಮನುಷ್ಯ ಮೊಣಕಾಲುದ್ದ ನೀರಿನಲ್ಲಿ ನಿಂತು, ಬೊಗಸೆಯಲ್ಲಿ ಎತ್ತಿ, ನಾಲಿಗೆ ತುದಿಗೆ ತಾಗಿಸಿ, ಉಗುಳಿ, ಮತ್ತೆ ನಾಲ್ಕು ಹೆಜ್ಜೆ ಮುಂದೆ ಹೋಗಿ ಇನ್ನೊಂದು ಬೊಗಸೆ ಎತ್ತಿದರು. ಮೂರು ಕಡೆ ಹೀಗೆ ಮಾಡಿದರು. ಆಮೇಲೆ ದಡಕ್ಕೆ ಬಂದು, ಪಾಳಿ ಮುಗಿಸಿ ವರದಿ ಒಪ್ಪಿಸುವವರ ದನಿಯಲ್ಲಿ ಹೇಳಿದರು: ‘ಇಲ್ಲಿಯವರೆಗೆ ಸಪ್ಪೆ. ಅಲ್ಲಿಂದಾಚೆಗೆ ಉಪ್ಪು.’

ಮಗಳಿಗೆ ಅಂದಿನ ಸಂಜೆಯೂ ಮಾರನೆಯ ದಿನವೂ ಸಮುದ್ರ ಸಿಕ್ಕಿತು.

ಮೇ ತಿಂಗಳಲ್ಲಿ ಅಪ್ಪನಿಗೆ ವಾಣಿಯಂಬಾಡಿಯಿಂದ ಫೋನು ಬಂತು. ಕುಶಲ ಸಮಾಚಾರ ಆದ ಮೇಲೆ ಅವರು ಕೇಳಿದ್ದು ಕೆರೆಯಲ್ಲಿ ಎಷ್ಟಿದೆ ಎಂದು. ಸುಮ್ಮನೆ ಬಾಯಿಗೆ ಬಂದದ್ದು ಹೇಳುವ ಜಾತಿಯಲ್ಲ ಅಪ್ಪ. ನಾಳೆ ಹೇಳುತ್ತೇನೆ ಎಂದು, ಬೆಳಿಗ್ಗೆ ಸ್ಕೂಟರ್ ಹಾಕಿಕೊಂಡು ಏರಿಗೆ ಹೋಗಿ, ತೂಬಿನ ಬಳಿ ಇಳಿದು ನೋಡಿ ಬಂದು ಫೋನು ಮಾಡಿದರು. ಅದಾದ ಮೇಲೆ ಅದು ವಾರಕ್ಕೊಮ್ಮೆಯ ಕೆಲಸವಾಗಿದೆ. ಮಳೆಗಾಲದಲ್ಲಿ ದಿನಕ್ಕೆ ಎರಡು ಸಲ. ನೀರುಗಂಟಿಗೆ ಸಂಬಳ ಎಷ್ಟು ಎಂದು ಅಮ್ಮ ರೇಗಿಸುತ್ತಾಳೆ. ಕಳೆದ ಸಲ ಊರಿಗೆ ಹೋದಾಗ ಜಡಿಮಳೆ. ಅಪ್ಪ ಗೊಬ್ಬರದ ಚೀಲವನ್ನು ಗೊಂಗಡಿಯ ಹಾಗೆ ಮಡಚಿ ತಲೆಗೆ ಹಾಕಿಕೊಂಡು, ಕೈಯಲ್ಲಿ ಟಾರ್ಚು ಹಿಡಿದು ಹೊರಟರು. ಇಷ್ಟು ಹೊತ್ತಿನಲ್ಲಿ ಎಲ್ಲಿಗೆ ಎಂದೆ.

‘ಕೋಡಿಗೆ ಇನ್ನು ಒಂದೂವರೆ ಅಡಿ ಇದೆ. ಕೆಳಗಿನವರಿಗೆ ತಿಳಿಸಬೇಕು.’